ಅತ್ತಿಗೆ ಕಟ್ಟಿದ ಸಂತೆ ಗುಂಪು

ನಮ್ಮ ಅತ್ತಿಗೆ ನೀಲಾಂಬಿಕ ಎಸ್ಸೆಸ್ಸೆಲ್ಸಿ ಪಾಸಾದದ್ದು ಅವಳ ಮಗಳು ಧನ್ಯಾ ಪಾಸಾಗಿ ಕಾಲೇಜು ಸೇರಿದ ಮೇಲೆ. ಮದುವೆಗೆ ಮುಂಚೆ ಗಣಿತದಲ್ಲಿ ಫೇಲಾಗಿ ಅಲ್ಲಿಗೇ ಬಿಟ್ಟಿದ್ದಳು. ಇಷ್ಟು ವರ್ಷದ ಮೇಲೆ ಮತ್ತೆ ಪರೀಕ್ಷೆ ಕಟ್ಟಿದಾಗ ಲೆಕ್ಕ ಹೇಳಿಕೊಡುವ ಕರ್ಮ ನನ್ನ ತಲೆಗೆ ಬಂತು. ನಾನು ಗಂಗಾಶ್ರೀ, ಶಿರಾಳಕೊಪ್ಪದ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು. ಮದುವೆಯಾಗಲಿಲ್ಲ, ಅಣ್ಣನ ಮನೆಯಲ್ಲೇ ಇದ್ದೇನೆ. ಅತ್ತಿಗೆಗಿಂತ ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಏಕವಚನದಲ್ಲೇ ಬೈಯುತ್ತೇನೆ. ಅವಳು ಗಂಗಕ್ಕ ಗಂಗಕ್ಕ ಎಂದು ಗೌರವ ಕೊಡುತ್ತಾಳೆ, ಹೇಳಿದ ಒಂದು ಮಾತನ್ನೂ ಕೇಳುವುದಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಣ್ಣ ಚಂದ್ರಶೇಖರಪ್ಪನ ಗೊಬ್ಬರದಂಗಡಿ. ಅದಕ್ಕೆ ಅಂಟಿಕೊಂಡ ಮಳಿಗೆಯಲ್ಲಿ ಅತ್ತಿಗೆಯ ಹೊಲಿಗೆ ಅಂಗಡಿ. ಕೊರಳಿಗೆ ಟೇಪು, ತುಟಿಗಳ ನಡುವೆ ಗುಂಡುಪಿನ್ನು, ಆ ಪಿನ್ನುಗಳ ಸಂದಿಯಿಂದಲೇ ಊರಿನ ಉಸಾಬರಿ. ರವಿಕೆ ಅಳತೆ ಕೊಡಲು ಬಂದವರು ಸೊಸೆಯ ಸುದ್ದಿ, ಸೊಂಟದ ನೋವು, ಸ್ಕ್ಯಾನಿಂಗ್ ರಿಪೋರ್ಟು ಎಲ್ಲವನ್ನೂ ಅವಳ ಮುಂದೆ ಸುರಿದು ಹೋಗುತ್ತಿದ್ದರು. ಅಳತೆಗೆ ನಿಂತ ಹೆಂಗಸು ಸುಳ್ಳು ಹೇಳುವುದಿಲ್ಲ ಎಂದು ಅತ್ತಿಗೆ ನಂಬಿದ್ದಳು. ಅವಳ ಎಲ್ಲ ನಂಬಿಕೆಗಳೂ ಹೀಗೇ, ಅಂಗಡಿಯೊಳಗೆ ಹುಟ್ಟಿದವು.

ಗುಂಪು ಹುಟ್ಟಿದ್ದೂ ಅಳತೆಯ ಟೇಪಿನಿಂದಲೇ. ಅಂಗನವಾಡಿಯ ಚೌಡೇಶ್ವರಿ ಹಳೆಯ ರವಿಕೆಗಳನ್ನೆಲ್ಲ ಸಡಿಲ ಮಾಡಿಸಲು ತಂದಿದ್ದಳು. ಶುಗರ್ ಬಂದಿದೆ, ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ, ನಾಳೆಯಿಂದ ಶುರು ಮಾಡಬೇಕು ಎಂದಳು.

"ನಿನ್ನ ನಾಳೆ ನಂಗೊತ್ತು" ಎಂದಳು ಅತ್ತಿಗೆ. "ನೀ ದಿನಾ ಕೆರೆ ಏರಿ ಮಟ ನಡಿ. ನಾ ದಿನಾ ಲೆಕ್ಕ ಬಿಡಿಸ್ತೀನಿ. ಸಂತೆ ದಿನ ಬಂದು ನೀ ನನ್ನ ಕೇಳು, ನಾ ನಿನ್ನ ಕೇಳ್ತೀನಿ. ಮಾಡಿಲ್ಲ ಅಂದ್ರೆ ಮಾಡಿಲ್ಲ ಅನ್ನೋದು. ಅಷ್ಟೇ."

ಅಷ್ಟೇ ಎಂದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಸಂತೆ ದಿನ ಸುತ್ತಲಿನ ಹಳ್ಳಿಗಳ ಹೆಂಗಸರು ಊರಿಗೆ ಬರುತ್ತಾರೆ. ಚೀಲ ಇಟ್ಟುಹೋಗಲು, ಬಸ್ಸು ಬರುವ ತನಕ ಕೂರಲು ಅತ್ತಿಗೆಯ ಅಂಗಡಿಯೇ ಅವರಿಗೆ ನಿಲ್ದಾಣ. ಇಬ್ಬರ ಕೇಳಾಟ ನೋಡಿ ಮೂರನೆಯವಳು ಸೇರಿದಳು, ಹಾಗೇ ಬೆಳೆಯಿತು. ಒಬ್ಬಳಿಗೆ ಸ್ಕೂಟಿ ಕಲಿಯಬೇಕು, ಒಬ್ಬಳಿಗೆ ಮೊಬೈಲು ನೋಡುವುದು ಕಡಿಮೆ ಮಾಡಬೇಕು. ಧನ್ಯಾಗೆ ನಾಲ್ಕು ಜನರ ಮುಂದೆ ನಿಂತು ಮಾತಾಡುವಂತಾಗಬೇಕು. ಅತ್ತಿಗೆ ನಿಯಮ ಮಾಡಿದಳು. ಒಬ್ಬರಿಗೆ ಒಂದೇ ಗುರಿ. ಇದ್ದದ್ದು ಇದ್ದ ಹಾಗೆ ಹೇಳಬೇಕು. ಯಾರೂ ಯಾರನ್ನೂ ಬೈಯಬಾರದು. ಕೊನೆಯದನ್ನು ನನ್ನ ಮುಖ ನೋಡಿಕೊಂಡೇ ಮಾಡಿದಳು. ನನ್ನ ಗುರಿಯನ್ನೂ ಅವಳೇ ಕೊಟ್ಟಳು, ಸಿಟ್ಟು ಕಡಿಮೆ ಮಾಡಿಕೊಳ್ಳುವುದು. ನನಗೆ ಅದು ಒಪ್ಪಿಗೆ ಇರಲಿಲ್ಲ. ನನಗೆ ಬರುವುದು ಸಿಟ್ಟಲ್ಲ, ನ್ಯಾಯ ಎಂದು ವಾದಿಸಿದೆ, ವಾದಿಸುವಾಗ ದನಿ ಏರಿತು, ಎಲ್ಲರೂ ನಕ್ಕರು.

ಅಣ್ಣ ಪಕ್ಕದ ಅಂಗಡಿಯಿಂದ "ನಿಮ್ಮ ವಿಧಾನಸಭೆ ಮುಗೀತೇನ್ರೇ?" ಎಂದು ಕೂಗುತ್ತಿದ್ದ. ಆದರೆ ಮಂಡಕ್ಕಿ ಖಾರ, ಚಹಾ ಹೇಳಿ ಕಳಿಸುವವನೂ ಅವನೇ.

ಅತ್ತಿಗೆ ಪಾಸಾದಳು. ಗಣಿತದಲ್ಲಿ ಅಂಚಿಗೆ ಬಂದು ನಿಂತಿದ್ದಳು, ಆದರೂ ಪಾಸು ಪಾಸೇ. ಆ ಸಂತೆ ದಿನ ಚೌಡೇಶ್ವರಿ ಎಲ್ಲರಿಗೂ ಹೇಳಿ, ಅಕ್ಕಿ, ಕೊಬ್ಬರಿ ಗಿಟುಕು, ಅರಿಶಿನ ಕೊಂಬು, ಎಲೆ ಅಡಿಕೆ, ರವಿಕೆ ಕಣ ತಂದು ಅತ್ತಿಗೆಯ ಸೆರಗಿನಲ್ಲಿ ಉಡಿ ತುಂಬಿದಳು. ಅತ್ತಿಗೆ ಅತ್ತುಬಿಟ್ಟಳು.

"ಮದುವೇಲಿ ತುಂಬಿದ್ರು, ಸೀಮಂತದಾಗ ತುಂಬಿದ್ರು" ಎಂದಳು ಮೂಗೊರೆಸಿಕೊಂಡು. "ನಾನು ಮಾಡಿದ ಕೆಲ್ಸಕ್ಕೆ ಅಂತ ಯಾರೂ ತುಂಬಿರ್ಲಿಲ್ಲ."

ಆ ಮಾತು ಅಲ್ಲಿದ್ದ ಎಲ್ಲರಿಗೂ ತಾಗಿತು. ಅವತ್ತಿನಿಂದ ಗುರಿ ಮುಟ್ಟಿದವರಿಗೆ ಉಡಿ ಎಂಬುದು ನಿಯಮವಾಯಿತು. ನಡೆದು ನಡೆದು ಶುಗರ್ ಇಳಿಸಿದ ಚೌಡೇಶ್ವರಿಗೆ ತುಂಬಿದರು, ಸ್ಕೂಟಿ ಕಲಿತವಳಿಗೆ ತುಂಬಿದರು. ನನಗೆ ಈವರೆಗೂ ತುಂಬಿಲ್ಲ.

ನಿಂಗಮ್ಮ ಸೇರಿದ್ದು ಅದಾದ ಮೇಲೆ. ಸೊರಬದ ಕಡೆಯ ಒಂದು ಹಳ್ಳಿಯವಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗ ಮಾಲತೇಶ, ಸೊಸೆ ಶ್ರೀಲತಾ ಹೊಲ ನೋಡಿಕೊಳ್ಳುತ್ತಿದ್ದರು, ಇವಳು ಹಿತ್ತಲಲ್ಲಿ ಸೊಪ್ಪು ಬೆಳೆದು ಸಂತೆಗೆ ತರುತ್ತಿದ್ದಳು. ಮೆಂತ್ಯ, ಹರಿವೆ, ಸಬ್ಬಸಿಗೆ ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಅತ್ತಿಗೆಯ ಅಂಗಡಿಯ ಬಾಗಿಲಲ್ಲಿ ಇಟ್ಟು ಬಸ್ಸಿಗೆ ಕಾಯುವಳು. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ, ಅದರ ಜೊತೆ ಹೊಗೆಸೊಪ್ಪು. ಹಳ್ಳಿಯಲ್ಲಿ ನಡೆದ ಹಲ್ಲಿನ ಕ್ಯಾಂಪಿನಲ್ಲಿ ಡಾಕ್ಟರು ಅವಳ ಕೆನ್ನೆಯ ಒಳಗೊಂದು ಬಿಳಿ ಮಚ್ಚೆ ಕಂಡು, ಹೊಗೆಸೊಪ್ಪು ಇವತ್ತೇ ಬಿಡಬೇಕು, ಬಿಡದಿದ್ದರೆ ಇದು ಕ್ಯಾನ್ಸರ್ ಆಗುತ್ತದೆ, ಸ್ವಲ್ಪ ದಿನ ಬಿಟ್ಟು ಮತ್ತೆ ತೋರಿಸಬೇಕು ಎಂದಿದ್ದರು.

"ನಂಗೂ ಒಂದ್ ಗುರಿ ಹಾಕ್ಕೊಡಿ ಅಕ್ಕೋರೆ" ಎಂದಳು ಅತ್ತಿಗೆಗೆ. ಅತ್ತಿಗೆಗಿಂತ ದೊಡ್ಡವಳಾದರೂ ಪೇಟೆಯ ಅಂಗಡಿಯವಳು ಎಂದು ಅಕ್ಕೋರೆ ಎನ್ನುತ್ತಿದ್ದಳು. "ಈ ಹಾಳ್ ಸೊಪ್ಪು ಬಿಡೋದು. ಮಕ್ಳು ಹೇಳಿದ್ರೆ ಕೇಳಕಾಗಲ್ಲ. ನೀವು ವಾರ ವಾರ ಕೇಳ್ತಾ ಇದ್ರೆ ಹೆದರ್ಕಿ ಇರ್ತದೆ."

ಗುಂಪಿನಲ್ಲಿ ಅದುವರೆಗೆ ಪ್ರಾಣದ ಮೇಲೆ ಬಂದ ಗುರಿ ಇರಲಿಲ್ಲ. ಅತ್ತಿಗೆ ಇದನ್ನು ತನ್ನದೇ ಪರೀಕ್ಷೆ ಎಂಬಂತೆ ಹಿಡಿದಳು. ಬಾಯಿ ಕೇಳಿದಾಗ ಅಗಿಯಲು ಸೋಂಪು, ಏಲಕ್ಕಿ ಕಟ್ಟಿಕೊಟ್ಟಳು. ದಿನಾ ಸಂಜೆ ಶ್ರೀಲತಾಳ ಮೊಬೈಲಿಗೆ ಫೋನು ಮಾಡಿ ನಿಂಗಮ್ಮನನ್ನು ಕೇಳುತ್ತಿದ್ದಳು. ಮೊದಮೊದಲು ನಿಂಗಮ್ಮ ಸೋತದ್ದನ್ನೂ ಹೇಳುತ್ತಿದ್ದಳು. "ನಿನ್ನೆ ಒಂದ್ ಚೂರು ಹಾಕ್ಕಂಡೆ ಅಕ್ಕೋರೆ, ಕೈ ತಡೀಲಿಲ್ಲ." ಯಾರೂ ಬೈಯುತ್ತಿರಲಿಲ್ಲ. ಆಮೇಲೆ ವಾರಕ್ಕೆ ವಾರ "ಮುಟ್ಟಿಲ್ಲ" ಎನ್ನತೊಡಗಿದಳು. ನಿಜವಾಗಿಯೂ ಮುಟ್ಟಿರಲಿಲ್ಲ, ಹಲ್ಲು ಬೆಳ್ಳಗಾಗಿತ್ತು. ಅವಳು ನಗುವುದನ್ನು ನಾನು ಅಷ್ಟು ದಿನ ಸರಿಯಾಗಿ ನೋಡೇ ಇರಲಿಲ್ಲ.

ಶ್ರಾವಣ ಬಂತು. ಗುಂಪಿನಲ್ಲಿ ಮೂರು ತಿಂಗಳು ಬಿಟ್ಟರೆ ಗುರಿ ಮುಟ್ಟಿದಂತೆ ಎಂದು ಮಾತಾಗಿತ್ತು. ಇನ್ನೂ ಆಗಿರಲಿಲ್ಲ. ಆದರೆ ಅತ್ತಿಗೆಗೆ ಅವಸರ. ನಮ್ಮ ಕಡೆ ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಹಬ್ಬದಲ್ಲಿ ಎಲ್ಲ ಹೆಂಗಸರೂ ಸೆರಗು ಒಡ್ಡುವಾಗ ಅಂಥವರು ಒಳಮನೆಗೆ ಸರಿದುಬಿಡುತ್ತಾರೆ. ಈ ಶ್ರಾವಣದಲ್ಲಿ, ಎಲ್ಲರ ಎದುರಿಗೆ, ನಿಂಗಮ್ಮನಿಗೆ ಉಡಿ ತುಂಬಬೇಕು ಎಂದು ಅತ್ತಿಗೆಯ ಹಟ. ಚೌಡೇಶ್ವರಿ ಸ್ವಲ್ಪ ಅನುಮಾನಿಸಿದಳು. ನಾನು ಮಾತ್ರ ಅತ್ತಿಗೆಯ ಪರ ನಿಂತೆ, ಯಾಕೆಂದರೆ ಇಂಥ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಸಂತೆ ದಿನ ಅಂಗಡಿ ತುಂಬ ಜನ. ಎಲೆ ಅಡಿಕೆ ಬಿಡುವ ಕಷ್ಟದಲ್ಲಿರುವವಳ ಉಡಿಗೆ ಎಲೆ ಅಡಿಕೆ ಹಾಕುವುದೋ ಬೇಡವೋ ಎಂದು ಒಂದು ಸಣ್ಣ ಚರ್ಚೆ ಆಯಿತು. ಎಲೆ ಅಡಿಕೆ ಇಲ್ಲದ ಉಡಿ ಎಂಥದ್ದು ಎಂದು ಕೊನೆಗೆ ಹಾಕಿದರು. ಅತ್ತಿಗೆ ಮೊರ ಹಿಡಿದು ಕರೆದಾಗ ನಿಂಗಮ್ಮ ಗೋಡೆಗೆ ಒತ್ತಿಕೊಂಡು ನಿಂತಳು.

"ಬ್ಯಾಡ್ರಿ ಅಕ್ಕೋರೆ."

"ಬಾರಕ್ಕ, ಸೆರಗು ಒಡ್ಡು."

"ಬ್ಯಾಡ ಅಂದೆ ನೋಡಿ. ಇನ್ನೊಂದ್ ಸ್ವಲ್ಪ ದಿನ ಹೋಗ್ಲಿ."

"ಏನು ಹೋಗ್ಲಿ? ನಿನ್ನಷ್ಟು ಕಷ್ಟಪಟ್ಟು ಯಾರು ಮಾಡ್ಯಾರೆ ಇಲ್ಲಿ?"

"ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ."

ಈಗ ಇದನ್ನು ಓದುವವರಿಗೆ ಅವಳು ಬೇಡ ಎಂದದ್ದು ಬೇಡ ಎಂದೇ ಕೇಳಿಸಬಹುದು. ನಮಗೆ ಹಾಗೆ ಕೇಳಿಸಲಿಲ್ಲ. ನಮ್ಮಲ್ಲಿ ಯಾರೂ ಮೊದಲ ಸಲಕ್ಕೆ ಹ್ಞೂಂ ಎನ್ನುವುದಿಲ್ಲ. ಚಹಾ ಕೊಟ್ಟರೂ ಬೇಡ, ಎರಡನೇ ರೊಟ್ಟಿ ಹಾಕಲು ಹೋದರೂ ಬೇಡ, ಸೀರೆ ಕೊಟ್ಟರೂ ಬೇಡ. ಕೊಡುವವರು ಮತ್ತೆ ಮತ್ತೆ ಒತ್ತಾಯ ಮಾಡಬೇಕು, ತೆಗೆದುಕೊಳ್ಳುವವರು ಸೋತಂತೆ ಮಾಡಿ ತೆಗೆದುಕೊಳ್ಳಬೇಕು. ಮೊದಲ ಬೇಡಕ್ಕೇ ಪಾತ್ರೆ ಒಳಗೆ ಒಯ್ಯುವ ಮನೆಯನ್ನು ಊರೆಲ್ಲ ಆಡಿಕೊಳ್ಳುತ್ತದೆ. ಅದರಲ್ಲೂ ಉಡಿ ಕಾಣದೆ ಎಷ್ಟೋ ವರ್ಷವಾದ ಹೆಂಗಸು ಹಿಂಜರಿಯದೆ ಇರುತ್ತಾಳೆಯೇ? ಚೌಡೇಶ್ವರಿ ಹಿಂದಿನಿಂದ ನೂಕಿದಳು, ಧನ್ಯಾ ಸೆರಗು ಹಿಡಿದು ಒಡ್ಡಿಸಿದಳು. ಅತ್ತಿಗೆ ತುಂಬಿದಳು. ನಿಂಗಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನಾವೂ ಅತ್ತೆವು, ಸಂತೋಷಕ್ಕೆ.

ಆ ವಾರದಲ್ಲೇ ಅವಳು ಮತ್ತೆ ಹೊಗೆಸೊಪ್ಪು ಶುರು ಮಾಡಿದ್ದಳು. ಅದನ್ನು ಹೇಳಬೇಕೆಂದೇ ಅವತ್ತು ಬಂದಿದ್ದಳು. ಇದು ನಮಗೆ ತಿಳಿದದ್ದು ಕೆಲವು ತಿಂಗಳ ಮೇಲೆ.

ಉಡಿ ತುಂಬಿಸಿಕೊಂಡವಳು ಮುಂದಿನ ವಾರ ಬಂದು ಏನು ಹೇಳಬೇಕು? ಅವಳೂರಿನಲ್ಲಿ ಸುದ್ದಿಯಾಗಿತ್ತು. ಕೆಲವರು ಕೊಂಕು ಆಡಿದ್ದರು, ಕೆಲವು ವಿಧವೆಯರು ಮನೆಗೇ ಬಂದು ಆ ಕಣವನ್ನು ಮುಟ್ಟಿ ನೋಡಿ ಹೋಗಿದ್ದರು. ಪ್ರತಿ ಸಂತೆಗೂ ನಾವು ಕೇಳುವುದು, ಅವಳು "ಮುಟ್ಟಿಲ್ಲ" ಎನ್ನುವುದು, ನಾವು ಚಪ್ಪಾಳೆ ತಟ್ಟುವುದು. ಡಾಕ್ಟರಿಗೆ ಮತ್ತೆ ತೋರಿಸಿದೆಯಾ ಎಂದರೆ "ಹ್ಞೂಂ, ಎಲ್ಲ ಬರಾಬರಿ ಐತಂತೆ" ಎನ್ನುತ್ತಿದ್ದಳು. ಗುರಿ ಮುಟ್ಟಿದವಳನ್ನು ಮತ್ತೆ ಮತ್ತೆ ಕೆದಕುವುದು ಯಾಕೆ ಎಂದು ಅತ್ತಿಗೆ ಸಂಜೆಯ ಫೋನನ್ನೂ ನಿಲ್ಲಿಸಿದಳು. ನಿಂಗಮ್ಮ ಬಾಗಿಲ ಹತ್ತಿರವೇ ಕೂರತೊಡಗಿದಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು.

ಒಂದು ದಿನ ಮಂಡಕ್ಕಿ ಖಾರ ಬಂತು. ಅವಳು ಬೇಡ ಎಂದಳು. ಬಿಡುತ್ತೇವೆಯೇ? ಅತ್ತಿಗೆ ಅವಳ ಕೈ ಹಿಡಿದು ಪೇಪರಿನ ಪೊಟ್ಟಣ ಇಟ್ಟಳು. ನಿಂಗಮ್ಮ ಒಂದು ತುತ್ತು ಬಾಯಿಗೆ ಹಾಕಿಕೊಂಡಳು, ಕಣ್ಣಿಂದ ಬಳಬಳನೆ ನೀರು ಇಳಿಯಿತು. "ನೋಡ್ರೇ, ಎಲೆ ಅಡಿಕೆ ಬಿಟ್ಟ ಮೇಲೆ ನಾಲಿಗೆ ಎಳೇ ಮಗಿಂದಾಗೈತೆ" ಎಂದಳು ಚೌಡೇಶ್ವರಿ. ಎಲ್ಲರೂ ನಕ್ಕೆವು. ನಿಂಗಮ್ಮನೂ ನಕ್ಕಳು. ಹುಣ್ಣಾದ ಬಾಯಲ್ಲಿ ಆ ಖಾರ ನುಂಗಿ ಅವಳು ನಕ್ಕದ್ದು ಎಂದು ನಮಗೆ ತಿಳಿದದ್ದು ಆಮೇಲೆ.

ದೀಪಾವಳಿ ಕಳೆದ ಮೇಲೆ ಅವಳು ಸಂತೆಗೆ ಬರುವುದು ನಿಂತಿತು. ಶ್ರೀಲತಾಗೆ ಫೋನು ಮಾಡಿದರೆ "ಅತ್ತೆಗೆ ಹುಷಾರಿಲ್ರಿ" ಎಂದು ಇಡುತ್ತಿದ್ದಳು. ಅತ್ತಿಗೆ ಮತ್ತು ನಾನು ಬಂದಳಿಕೆ ದಾಟಿ ಅವಳ ಹಳ್ಳಿಗೆ ಬಸ್ಸಿನಲ್ಲಿ ಹೋದೆವು. ಜಗುಲಿಯ ಮೂಲೆಯಲ್ಲಿ ನಿಂಗಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಿರುಗಿದಾಗ ನೋಡಿದೆವು. ಒಂದು ಕೆನ್ನೆ ಬಾತು ಹೊಳೆಯುತ್ತಿತ್ತು. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ.

"ಯಾಕೆ ಹೇಳ್ಲಿಲ್ಲಕ್ಕ?" ಎಂದಳು ಅತ್ತಿಗೆ.

"ಹೇಳಾಕೇ ಬಂದಿದ್ದೆ ಅಕ್ಕೋರೆ. ಅವತ್ತು." ಒಂದೊಂದು ಮಾತಿಗೂ ತಡೆದು ತಡೆದು ಹೇಳಿದಳು. "ನೀವು ಉಡಿ ತುಂಬಿದ್ರಿ. ಆಮೇಲೆ ಹೆಂಗ್ ಹೇಳ್ಲಿ? ಎಲ್ರೂ ಎಷ್ಟ್ ಖುಷಿ ಆಗಿದ್ರಿ."

ಮಾಲತೇಶ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದು ತೋರಿಸಿಕೊಂಡು ಬಂದಿದ್ದ. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಬೇಕು, ದವಡೆ ಸ್ವಲ್ಪ ತೆಗೆಯಬೇಕಾಗುತ್ತದೆ, ಬೇಗ ಹೋದರೆ ಉಳಿಯುವ ದಾರಿ ಇದೆ ಎಂದಿದ್ದರಂತೆ.

ಬಸ್ಸಿನಲ್ಲಿ ಬರುವಾಗ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಂಬ್ಲಿಗೊಳ ಅಣೆಕಟ್ಟಿನ ನೀರು ಕುಡಿದ ಗದ್ದೆಗಳು ಕೊಯ್ಲಿಗೆ ಬಂದು ನಿಂತಿದ್ದವು. "ಮೂರು ಸಲ ಬೇಡ ಅಂದ್ಳು ಗಂಗಕ್ಕ" ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ ಅಂದ್ಳು. ನನ್ನ ಕಿವಿಗೆ ಏನಾಗಿತ್ತು?" ಅವಳ ಕಿವಿಗೆ ಆಗಿದ್ದೇ ನಮ್ಮೆಲ್ಲರ ಕಿವಿಗೂ ಆಗಿತ್ತು, ಅದನ್ನು ಹೇಳಿದರೆ ಅವಳಿಗೆ ಯಾವ ಸಮಾಧಾನ?

ಮುಂದಿನ ಸಂತೆ ದಿನ ಅವಳು ಗುಂಪಿಗೆ ಹೊಸ ನಿಯಮ ಹೇಳಿದಳು. "ಇನ್ಮೇಲೆ ಇಲ್ಲಿ ಬೇಡ ಅಂದ್ರೆ ಬೇಡ. ಒಂದೇ ಸಲ. ಯಾರೂ ಯಾರಿಗೂ ಒತ್ತಾಯ ಮಾಡಂಗಿಲ್ಲ, ಚಹಾಕ್ಕೂ ಇಲ್ಲ." ಅವತ್ತು ಚಹಾದ ಎಷ್ಟೋ ಲೋಟಗಳು ಹಾಗೇ ಉಳಿದು ಆರಿದವು.

ಹುಬ್ಬಳ್ಳಿಗೆ ನಿಂಗಮ್ಮ ಹೊರಡಲೊಲ್ಲಳು ಎಂದು ಶ್ರೀಲತಾ ಫೋನು ಮಾಡಿದಳು. ನಾವು ಮತ್ತೆ ಹೋದೆವು. ಅತ್ತಿಗೆ ಅವಳ ಹಾಸಿಗೆಯ ಪಕ್ಕ ಕೂತಳು.

"ಹುಬ್ಬಳ್ಳಿಗೆ ಹೋಗಣ ನಿಂಗಕ್ಕ. ನಾನೂ ಬರ್ತೀನಿ. ಎಷ್ಟು ದಿನ ಆದ್ರೂ ನಿನ್ನ ಹತ್ರ ಇರ್ತೀನಿ."

ನಿಂಗಮ್ಮ ಅವಳ ಮುಖ ನೋಡಿದಳು. "ಬ್ಯಾಡಕ್ಕೋರೆ" ಎಂದಳು.

ನಾನು ಬಾಯಿ ತೆರೆದೆ. ಏನು ಬೇಡ, ಯಾಕೆ ಬೇಡ, ಎದ್ದೇಳು ಎಂದು ಅವಳನ್ನೂ, ಸುಮ್ಮನೆ ನಿಂತಿದ್ದ ಮಾಲತೇಶನನ್ನೂ ಝಾಡಿಸಬೇಕೆಂದು ಉಸಿರು ಎಳೆದುಕೊಂಡೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಅವಳ ಕಣ್ಣು ತುಂಬಿತ್ತು, ತಲೆ ಅಲ್ಲಾಡುತ್ತಿತ್ತು. ಒಮ್ಮೆ ಈ ಹೆಂಗಸಿನ ಬೇಡವನ್ನು ತುಳಿದು ಅವಳನ್ನು ಈ ಹಾಸಿಗೆಗೆ ತಂದೆವು, ಮತ್ತೆ ತುಳಿಯಬೇಡ ಎಂದು ಆ ಕೈ ಹೇಳುತ್ತಿತ್ತು. ನಾನು ಬಾಯಿ ಮುಚ್ಚಿದೆ. "ನಿನ್ನಿಷ್ಟ ಅಕ್ಕ" ಎಂದಳು ಅತ್ತಿಗೆ. ಆ ವಾರ ಗುಂಪಿನಲ್ಲಿ, ನಾನು ಸಿಟ್ಟು ನುಂಗಿದೆ ಎಂದು ಧನ್ಯಾ ಹೇಳಿದಳು, ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು.

ಆಮೇಲೆ ಪ್ರತಿ ವಾರ ಅತ್ತಿಗೆ ಒಬ್ಬಳೇ ಆ ಹಳ್ಳಿಗೆ ಹೋಗುತ್ತಿದ್ದಳು. ರಾಗಿ ಗಂಜಿ ಸೋಸಿ ತೆಳ್ಳಗೆ ಮಾಡಿ ಫ್ಲಾಸ್ಕಿನಲ್ಲಿ ಒಯ್ಯುವಳು, ಚಮಚದಲ್ಲಿ ಕುಡಿಸುವಳು, ಬಾಯಿ ಒರೆಸುವಳು. ಹುಬ್ಬಳ್ಳಿಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಮನೆಗೆ ಬಂದು ಹೊಲಿಗೆ ಮಷೀನಿನ ಮುಂದೆ ಕೂತರೆ ಕಾಲು ಪೆಡಲಿನ ಮೇಲೆ ಇರುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. "ಡಾಕ್ಟರಾಗಿದ್ರೆ ಔಷಧಿ ಕೊಡ್ತಿದ್ದೆ, ದೇವ್ರಾಗಿದ್ರೆ ವರ ಕೊಡ್ತಿದ್ದೆ. ನಾನ್ಯಾರು? ರವಿಕೆ ಹೊಲಿಯೋಳು" ಎಂದಳು ಒಮ್ಮೆ. ಅಣ್ಣ ಪಕ್ಕದ ಅಂಗಡಿಯಿಂದ ವಿಧಾನಸಭೆಯ ಮಾತು ಆಡುವುದನ್ನು ಬಿಟ್ಟಿದ್ದ.

ಶಿವರಾತ್ರಿ ಕಳೆದು ನಿಂಗಮ್ಮ ತೀರಿಕೊಂಡಳು. ನಾವೆಲ್ಲ ಹೋಗಿ ಮಣ್ಣು ಮಾಡಿ ಬಂದೆವು. ಉಡಿಯ ಕಣವನ್ನು ಅವಳು ರವಿಕೆ ಹೊಲಿಸದೆ ಮಡಿಸಿಟ್ಟಿದ್ದಳಂತೆ, ಅದನ್ನೂ ಅವಳ ಜೊತೆಗೇ ಇಟ್ಟರು.

ಗುಂಪು ನಿಲ್ಲಲಿಲ್ಲ, ನಡೆಯಿತು ಎಂದೂ ಹೇಳಲಾರೆ. ಸಂತೆ ದಿನ ಹೆಂಗಸರು ಬಂದು ಕೂರುತ್ತಾರೆ, ಕೇಳಿದರೆ ಹೇಳುತ್ತಾರೆ. ಅತ್ತಿಗೆ ಕೇಳುವುದು ಕಡಿಮೆ. ಹೇಳಿದ್ದು ನಿಜವೋ ಅಲ್ಲವೋ ಎಂದು ಪ್ರತಿಯೊಬ್ಬರ ಮುಖವನ್ನೂ ಹೆದರಿದವಳಂತೆ ನೋಡುತ್ತಾಳೆ.

ಹೋದ ಸಂತೆಗೆ ಶ್ರೀಲತಾ ಬಂದಳು. ಹಿತ್ತಲ ಸೊಪ್ಪನ್ನು ಈಗ ಅವಳು ಮಾರುತ್ತಾಳೆ. ಅತ್ತೆ ಇಡುತ್ತಿದ್ದ ಜಾಗದಲ್ಲೇ ಖಾಲಿ ಬುಟ್ಟಿ ಇಟ್ಟು, ಬಾಗಿಲ ಹತ್ತಿರ ಕೂತಳು. ಅದೂ ಇದೂ ಮಾತಾಯಿತು. ಅತ್ತಿಗೆ ತಡೆಯಲಾರದೆ "ಕೊನೆಗೆ ಬಹಳ ನೋವಿತ್ತೇನವ್ವ ಅವ್ರಿಗೆ?" ಎಂದಳು.

"ಇತ್ತು ಅಕ್ಕೋರೆ." ಶ್ರೀಲತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಹೇಳಿಬಿಡಬೇಕೆಂದು ಬಂದಿದ್ದಳೋ ಏನೋ, ಮುಖ ಎತ್ತದೆ ಹೇಳಿದಳು. "ನೀವು ಬರೋ ದಿನ ಬೆಳಗ್ಗೆ ಎದ್ದು ತಲೆ ಬಾಚಿಸ್ಕಂಡು ಕೂತಿರ್ತಿದ್ರು. ಇವತ್ತು ಅಕ್ಕೋರು ಇನ್ನೊಂದ್ ಸಲ ಕೇಳ್ತಾರೆ, ಕೇಳಿದ್ರೆ ಹುಬ್ಬಳ್ಳಿಗೆ ಹೋಗೋದೇ ಸೈ ಅಂತಿದ್ರು. ಮೊದ್ಲೇ ಹ್ಞೂಂ ಅಂದ್ರೆ ಎಲ್ರಿಗೂ ಭಾರ ಆಗ್ತೀನಿ ಅಂತ ಬ್ಯಾಡ ಅಂದಿದ್ರಂತೆ. ಬಟ್ಟೆ ಚೀಲಾನೂ ಕಟ್ಟಿಟ್ಟಿದ್ರು. ನೀವು ಗಂಜಿ ಕುಡಿಸಿ ಹೋಗ್ತಿದ್ರಿ."

"ನೀನಾದ್ರೂ ಹೇಳ್ಬಾರ್ದಿತ್ತೇನೇ!" ಎಂದು ನಾನು ಕಿರುಚಿದೆ. ಅಣ್ಣ ಪಕ್ಕದ ಅಂಗಡಿಯಿಂದ ಎದ್ದು ಬಂದ.

"ಹೇಳ್ಬ್ಯಾಡ ಅಂತ ಆಣೆ ಹಾಕಿದ್ರು" ಎಂದಳು ಶ್ರೀಲತಾ. "ನಾವು ಹೇಳಿ ಕೇಳಿಸ್ಕಂಡ್ರೆ ಅದು ಅವ್ರಾಗೇ ಕೇಳಿದಂಗೆ ಆಗಲ್ಲ ಅಂದ್ರು."

ಏನೂ ತಿಳಿಯದ ಹೋಟೆಲಿನ ಹುಡುಗ ಚಹಾದ ಲೋಟಗಳನ್ನು ತಂದಿಟ್ಟು ಹೋದ. ಅತ್ತಿಗೆ ಎದ್ದಳು, ಒಂದು ಲೋಟ ತೆಗೆದುಕೊಂಡು ಶ್ರೀಲತಾಳ ಮುಂದೆ ಹಿಡಿದಳು.

"ಬ್ಯಾಡ್ರಿ ಅಕ್ಕೋರೆ" ಎಂದಳು ಶ್ರೀಲತಾ.

ಅತ್ತಿಗೆ ಲೋಟ ಹಿಡಿದು ಹಾಗೇ ನಿಂತಳು. ಹಿಂದಕ್ಕೆ ಇಡುವುದೋ, ಇನ್ನೊಮ್ಮೆ ತಗೋ ಎನ್ನುವುದೋ ಅವಳಿಗೆ ತಿಳಿಯಲಿಲ್ಲ. ತಿರುಗಿ ನನ್ನ ಮುಖ ನೋಡಿದಳು. ನನಗೂ ತಿಳಿಯಲಿಲ್ಲ.